ವಿಲಿಯಂ ಜಾನ್ ಲಿಟಲ್

ವಿಲಿಯಂ ಜಾನ್ ಲಿಟಲ್ (7 ಆಗಸ್ಟ್ 1810 – 7 ಜುಲೈ 1894) ಇಂಗ್ಲೆಂಡಿನ ಖ್ಯಾತ ವೈದ್ಯರು. ಬ್ರಿಟನ್ನಿನಲ್ಲಿ ಅಂಗವಿಕೃತಿಗಳ ಶಸ್ತ್ರಚಿಕಿತ್ಸೆಗೆ ಭದ್ರವಾದ ಅಡಿಪಾಯ ಹಾಕಿದವರಲ್ಲಿ ಇವರು ಪ್ರಮುಖರು. ಹೆರಿಗೆಯ ಸಮಯದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಶಿಶುವಿನ ಮೆದುಳಿಗೆ ಆಗುವ ಹಾನಿಗೂ, ಆ ಮಗು ಬೆಳೆದಂತೆ ಕಾಣಿಸಿಕೊಳ್ಳುವ ಕೈಕಾಲುಗಳ ಬಿಗಿತಕ್ಕೂ ಸಂಬಂಧವಿದೆ ಎಂದು ವ್ಯವಸ್ಥಿತವಾಗಿ ಮೊದಲು ಪ್ರತಿಪಾದಿಸಿದವರು ಇವರೇ. ಇಂದು ಸೆರೆಬ್ರಲ್ ಪಾಲ್ಸಿ ಎಂದು ಕರೆಯಲಾಗುವ ಸ್ಥಿತಿಯ ಒಂದು ಮುಖ್ಯ ರೂಪವು ಬಹುಕಾಲ ಲಿಟಲ್‌ರ ಕಾಯಿಲೆ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ನವಜಾತ ಶಿಶುವಿನ ಮೆದುಳಿಗೆ ಪೆಟ್ಟಾದಾಗ ಅದರ ಮುಂದಿನ ಬೆಳವಣಿಗೆ ಹೇಗಿರಬಹುದು ಎಂಬ ಪ್ರಶ್ನೆಯನ್ನು ವೈದ್ಯಲೋಕದ ಮುಂದಿಟ್ಟ ಶ್ರೇಯಸ್ಸು ಇವರಿಗೆ ಸಲ್ಲುತ್ತದೆ. ಇಂದು ಎಂ.ಆರ್.ಐ. ಮೊದಲಾದ ಚಿತ್ರಣ ವಿಧಾನಗಳ ಮೂಲಕ ಉತ್ತರ ಹುಡುಕುತ್ತಿರುವುದು ಇದೇ ಪ್ರಶ್ನೆಗೆ.

ಜನನ ಮತ್ತು ಬಾಲ್ಯ

ಲಿಟಲ್ 1810ರ ಆಗಸ್ಟ್ 7ರಂದು ಲಂಡನ್ ನಗರದ ಆಲ್ಡ್‌ಗೇಟ್ ಪ್ರದೇಶದಲ್ಲಿ ಜನಿಸಿದರು. ಅವರ ತಂದೆತಾಯಿಗಳು ಅಲ್ಲಿ ರೆಡ್ ಲಯನ್ ಎಂಬ ವಸತಿಗೃಹವನ್ನು ನಡೆಸುತ್ತಿದ್ದರು. ಶೈಶವದಲ್ಲಿಯೇ ಹಲವು ಕಾಯಿಲೆಗಳಿಗೆ ತುತ್ತಾದ ಬಾಲಕನಿಗೆ ಪೋಲಿಯೊ ರೋಗವೂ ತಗುಲಿತು. ಅದರ ಪರಿಣಾಮವಾಗಿ ಎಡಗಾಲಿನ ಸ್ನಾಯುಗಳು ದುರ್ಬಲಗೊಂಡು, ಹಿಮ್ಮಡಿ ಮೇಲಕ್ಕೆಳೆದುಕೊಂಡು, ಪಾದವು ಒಳಮುಖವಾಗಿ ತಿರುಗಿ ಡೊಂಕಾಯಿತು. ಶಾಲೆಯಲ್ಲಿ ಸಹಪಾಠಿಗಳು ಅವರನ್ನು ಕುಂಟು ಬಾತುಕೋಳಿ ಎಂದು ಹಂಗಿಸುತ್ತಿದ್ದರು. ತನ್ನ ಕಾಲಿನ ಈ ಊನವೇ ಮುಂದೆ ಅವರ ಜೀವನದ ದಿಕ್ಕನ್ನು ನಿರ್ಧರಿಸಿತು.

ಲಂಡನ್ ಮತ್ತು ಡೋವರ್ ಸಮೀಪದ ಶಾಲೆಗಳಲ್ಲಿ ಆರಂಭಿಕ ವಿದ್ಯಾಭ್ಯಾಸ ಮುಗಿಸಿದ ಬಳಿಕ ಅವರನ್ನು ಫ್ರಾನ್ಸ್ ದೇಶದ ಸೇಂಟ್ ಓಮರ್‌ನಲ್ಲಿದ್ದ ಜೆಸ್ಯೂಟ್ ವಿದ್ಯಾಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ಫ್ರೆಂಚ್ ಭಾಷೆಯಲ್ಲಿ ಪ್ರಾವೀಣ್ಯ ಪಡೆದು ಪ್ರಬಂಧ ರಚನೆಗೆ ಬಹುಮಾನವನ್ನೂ ಗಳಿಸಿದರು. ಯುರೋಪಿನ ವೈದ್ಯಗ್ರಂಥಗಳನ್ನು ಮೂಲಭಾಷೆಯಲ್ಲಿಯೇ ಓದಲು ಈ ಭಾಷಾಜ್ಞಾನ ಮುಂದೆ ನೆರವಾಯಿತು.

ವೈದ್ಯಕೀಯ ಶಿಕ್ಷಣ

ಫ್ರಾನ್ಸಿನಿಂದ ಹಿಂದಿರುಗಿದ ಲಿಟಲ್ ಆಲ್ಡ್‌ಗೇಟ್‌ನ ಔಷಧ ವ್ಯಾಪಾರಿಯೊಬ್ಬರ ಬಳಿ ಶಿಷ್ಯವೃತ್ತಿಗೆ ಸೇರಿದರು. 1828ರಲ್ಲಿ ಲಂಡನ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಾಗಿ ಪ್ರವೇಶ ಪಡೆದು, 1832ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಸದಸ್ಯರಾದರು. ತನ್ನ ಪಾದವನ್ನು ಸರಿಪಡಿಸಬಹುದೇ ಎಂಬ ಪ್ರಶ್ನೆ ವಿದ್ಯಾರ್ಥಿದೆಸೆಯಿಂದಲೂ ಅವರನ್ನು ಕಾಡುತ್ತಿತ್ತು. ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸುವ ಚಿಕಿತ್ಸೆಯನ್ನು ಫ್ರಾನ್ಸಿನ ಡೆಲ್‌ಪೆಶ್ ಎಂಬ ಶಸ್ತ್ರವೈದ್ಯರು 1816ರಲ್ಲಿ ಮಾಡಿದ್ದರು. ಆದರೆ ಗಾಯ ಕೀವುಗಟ್ಟಿ ರೋಗಿ ಬಹಳ ನರಳಿದ್ದರಿಂದ ಆ ವಿಧಾನ ಮೂಲೆಗುಂಪಾಗಿತ್ತು. ನಂಜುನಿರೋಧಕಗಳೂ ಅರಿವಳಿಕೆಯೂ ಇಲ್ಲದ ಆ ಕಾಲದಲ್ಲಿ ಲಂಡನ್ನಿನ ಹಿರಿಯ ವೈದ್ಯರು ಇಂತಹ ಸಾಹಸಕ್ಕೆ ಕೈಹಾಕದಿರುವಂತೆ ಲಿಟಲ್‌ರಿಗೆ ಬುದ್ಧಿ ಹೇಳಿದರು.

ಲಂಡನ್ ಆಸ್ಪತ್ರೆಯಲ್ಲಿ ಸಹಾಯಕ ಶಸ್ತ್ರವೈದ್ಯರ ಹುದ್ದೆಗೆ ಪ್ರಯತ್ನಿಸಿ ವಿಫಲರಾದ ನಂತರ ಅವರು ಯುರೋಪಿನ ಪ್ರವಾಸ ಕೈಗೊಂಡರು. ಬರ್ಲಿನ್ ನಗರದಲ್ಲಿ ಪ್ರಸಿದ್ಧ ಶರೀರಶಾಸ್ತ್ರಜ್ಞ ಯೋಹಾನ್ನೆಸ್ ಮುಲ್ಲರ್ ಅವರ ಬಳಿ ಅಧ್ಯಯನ ಮಾಡಿದರು.

ಹ್ಯಾನೋವರ್‌ನ ಶಸ್ತ್ರಚಿಕಿತ್ಸೆ

ಜರ್ಮನಿಯ ಹ್ಯಾನೋವರ್ ನಗರದಲ್ಲಿ ಲೂಯಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯರು 1831ರಿಂದ ಹೊಸದೊಂದು ವಿಧಾನವನ್ನು ಅನುಸರಿಸುತ್ತಿದ್ದರು. ಚರ್ಮವನ್ನು ಅಗಲವಾಗಿ ಸೀಳದೆ, ಚಿಕ್ಕ ರಂಧ್ರದ ಮೂಲಕ ಕಿರಿದಾದ ಅಲಗನ್ನು ತೂರಿಸಿ, ಒಳಗಿನ ಸ್ನಾಯುರಜ್ಜುವನ್ನು ಮಾತ್ರ ಕತ್ತರಿಸುವುದು ಈ ವಿಧಾನದ ಮರ್ಮ. ಹೊರಗಾಳಿಗೆ ಗಾಯ ತೆರೆದುಕೊಳ್ಳದ ಕಾರಣ ಕೀವಾಗುವ ಭಯ ಬಹುಮಟ್ಟಿಗೆ ತಪ್ಪಿತು. ಕೆಲವು ದಿನಗಳ ನಂತರ ಪಾದವನ್ನು ಯಂತ್ರಪಟ್ಟಿಯ ಸಹಾಯದಿಂದ ನಿಧಾನವಾಗಿ ನೇರ ಸ್ಥಿತಿಗೆ ತರಲಾಗುತ್ತಿತ್ತು.

ಲಿಟಲ್ ಹ್ಯಾನೋವರ್‌ಗೆ ತೆರಳಿ ಸ್ಟ್ರೋಮೇಯರ್ ಅವರನ್ನು ಕಂಡರು. 1836ರ ಜೂನ್ ತಿಂಗಳಲ್ಲಿ ಸ್ಟ್ರೋಮೇಯರ್ ಅವರು ಲಿಟಲ್‌ರ ಪಾದಕ್ಕೆ ಶಸ್ತ್ರಚಿಕಿತ್ಸೆ ನಡೆಸಿದರು. ಚಿಕಿತ್ಸೆ ಯಶಸ್ವಿಯಾಯಿತು. ಗುಣಮುಖರಾದ ಲಿಟಲ್ ಅಲ್ಲಿಯೇ ಉಳಿದು ಗುರುವಿನಿಂದ ಆ ವಿದ್ಯೆಯನ್ನು ಕಲಿತರು. ಬರ್ಲಿನ್‌ಗೆ ಮರಳಿದಾಗ, ಈ ವಿಧಾನವನ್ನು ಸಂಶಯದಿಂದ ನೋಡುತ್ತಿದ್ದ ಡೀಫೆನ್‌ಬಾಖ್ ಎಂಬ ಹಿರಿಯ ಶಸ್ತ್ರವೈದ್ಯರು ಲಿಟಲ್‌ರ ನೇರವಾದ ಪಾದವನ್ನು ಕಂಡು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಡೊಂಕುಪಾದವನ್ನೇ ವಿಷಯವಾಗಿಸಿಕೊಂಡು ಲಿಟಲ್ ಲ್ಯಾಟಿನ್ ಭಾಷೆಯಲ್ಲಿ ಬರೆದ ಪ್ರಬಂಧಕ್ಕೆ 1837ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ವೈದ್ಯ ಪದವಿಯನ್ನು ನೀಡಿತು.

ಲಂಡನ್ನಿನಲ್ಲಿ ವೃತ್ತಿಜೀವನ

ಸ್ವದೇಶಕ್ಕೆ ಮರಳಿದ ಲಿಟಲ್ 1837ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಈ ವಿಧಾನದ ಹಿಮ್ಮಡಿ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. 1839ರಲ್ಲಿ ಡೊಂಕುಪಾದದ ಕುರಿತು ಅವರು ಪ್ರಕಟಿಸಿದ ಗ್ರಂಥ ಆಂಗ್ಲ ವೈದ್ಯರ ಗಮನ ಸೆಳೆಯಿತು. ಅವರ ಪ್ರಯತ್ನದ ಫಲವಾಗಿ ಅಂಗವಿಕೃತಿಗಳ ಚಿಕಿತ್ಸೆಗೆಂದೇ ಮೀಸಲಾದ ಆಸ್ಪತ್ರೆಯೊಂದು 1840ರಲ್ಲಿ ಲಂಡನ್ನಿನ ಬ್ಲೂಮ್ಸ್‌ಬರಿ ಚೌಕದಲ್ಲಿ ಆರಂಭವಾಯಿತು. 1845ರಲ್ಲಿ ಅದು ರಾಜಸನ್ನದು ಪಡೆದು ರಾಯಲ್ ಆರ್ಥೋಪೆಡಿಕ್ ಆಸ್ಪತ್ರೆ ಎನಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇತರ ಆಸ್ಪತ್ರೆಗಳೊಡನೆ ವಿಲೀನಗೊಂಡ ಈ ಸಂಸ್ಥೆಯು ಇಂದಿನ ರಾಯಲ್ ನ್ಯಾಷನಲ್ ಆರ್ಥೋಪೆಡಿಕ್ ಆಸ್ಪತ್ರೆಯ ಮೂಲಗಳಲ್ಲೊಂದು.

ಒಮ್ಮೆ ತಮಗೆ ಸ್ಥಾನ ದೊರೆಯದಿದ್ದ ಲಂಡನ್ ಆಸ್ಪತ್ರೆಯಲ್ಲಿ ಲಿಟಲ್ 1839ರಲ್ಲಿ ಸಹಾಯಕ ವೈದ್ಯರಾಗಿಯೂ, 1845ರಿಂದ 1863ರವರೆಗೆ ವೈದ್ಯರಾಗಿಯೂ ಸೇವೆ ಸಲ್ಲಿಸಿದರು. 1843–44ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಉಪನ್ಯಾಸಗಳು 1853ರಲ್ಲಿ ವಿಸ್ತೃತ ಗ್ರಂಥರೂಪ ತಾಳಿದವು. ಆ ಗ್ರಂಥದಲ್ಲಿ, ಸ್ನಾಯುಗಳು ಊದಿಕೊಂಡಂತೆ ಕಂಡರೂ ಕ್ರಮೇಣ ಶಕ್ತಿಗುಂದುವ ಬಾಲಕರ ವಿವರಣೆಯೂ ಇದೆ. ಮುಂದೆ ಡ್ಯೂಶೆನ್ ಸ್ನಾಯುಕ್ಷಯ ಎಂದು ಹೆಸರಾದ ರೋಗದ ಆರಂಭಿಕ ವರ್ಣನೆಗಳಲ್ಲಿ ಇದೂ ಒಂದು.

1861ರ ಪ್ರಬಂಧ

ಡೊಂಕುಪಾದದ ಚಿಕಿತ್ಸೆಗೆಂದು ಬರುತ್ತಿದ್ದ ಮಕ್ಕಳಲ್ಲಿ ಕೆಲವರು ಉಳಿದವರಿಗಿಂತ ಭಿನ್ನರೆಂಬುದನ್ನು ಲಿಟಲ್ ಗುರುತಿಸಿದರು. ಪೋಲಿಯೊ ತಗುಲಿದ ಮಕ್ಕಳ ಕಾಲು ಸಡಿಲವಾಗಿ ಜೋಲುತ್ತಿದ್ದರೆ, ಈ ಮಕ್ಕಳ ಕೈಕಾಲುಗಳು ಬಿಗಿದುಕೊಂಡಿರುತ್ತಿದ್ದವು. ತೊಡೆಗಳು ಒಂದಕ್ಕೊಂದು ಅಂಟಿಕೊಂಡು, ಮೊಣಕಾಲುಗಳು ಮಡಚಿ, ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗದೆ ಬೆರಳ ತುದಿಯಲ್ಲಿ ಹೆಜ್ಜೆಯಿಡುತ್ತಿದ್ದರು. ಇವರ ಜನನದ ವೃತ್ತಾಂತವನ್ನು ತಾಯಂದಿರಿಂದಲೂ ಹೆರಿಗೆ ಮಾಡಿಸಿದವರಿಂದಲೂ ವಿಚಾರಿಸಿದಾಗ, ಅವಧಿಗೆ ಮುನ್ನ ಹುಟ್ಟಿದ್ದು, ಹೆರಿಗೆ ಬಹಳ ಹೊತ್ತು ನಡೆದದ್ದು, ಹುಟ್ಟಿದಾಗ ಉಸಿರಾಡದೆ ಇದ್ದದ್ದು ಮತ್ತೆ ಮತ್ತೆ ಕೇಳಿಬಂತು.

ಸುಮಾರು 20 ವರ್ಷಗಳ ಅವಧಿಯಲ್ಲಿ ತಾವು ಕಂಡ ಸುಮಾರು 200 ಮಕ್ಕಳ ಅನುಭವವನ್ನು ಆಧರಿಸಿ ಲಿಟಲ್ 1861ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದಲ್ಲಿ ಪ್ರಬಂಧವನ್ನು ಮಂಡಿಸಿದರು. ಅಸಹಜ ಹೆರಿಗೆ, ಅವಧಿಪೂರ್ವ ಜನನ ಮತ್ತು ಹುಟ್ಟಿನ ಸಮಯದ ಉಸಿರುಗಟ್ಟುವಿಕೆಗಳು ಮಗುವಿನ ಮಾನಸಿಕ ಹಾಗೂ ಶಾರೀರಿಕ ಸ್ಥಿತಿಯ ಮೇಲೆ ಬೀರುವ ಪ್ರಭಾವವೇ ಅದರ ವಿಷಯ. ಉಸಿರುಗಟ್ಟಿ ಹುಟ್ಟಿದ ಶಿಶುಗಳು ಒಂದೋ ಸಾಯುತ್ತವೆ, ಇಲ್ಲವೇ ಸಂಪೂರ್ಣ ಚೇತರಿಸಿಕೊಳ್ಳುತ್ತವೆ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಇವೆರಡರ ನಡುವೆ ಮೂರನೆಯ ಗುಂಪೊಂದು ಇದೆ, ಆ ಮಕ್ಕಳು ಬದುಕುತ್ತಾರೆ, ಆದರೆ ಮೆದುಳು ಮತ್ತು ಬೆನ್ನುಹುರಿಗಳಿಗೆ ಆದ ಹಾನಿಯ ಗುರುತನ್ನು ಜೀವನಪರ್ಯಂತ ಹೊತ್ತಿರುತ್ತಾರೆ ಎಂಬುದು ಲಿಟಲ್‌ರ ಮುಖ್ಯ ವಾದ. ರಕ್ತ ಕಟ್ಟಿನಿಲ್ಲುವಿಕೆ ಮತ್ತು ಸೂಕ್ಷ್ಮ ರಕ್ತಸ್ರಾವಗಳು ಈ ಹಾನಿಗೆ ಕಾರಣವೆಂದು ಅವರು ಊಹಿಸಿದರು. ವೈದ್ಯಗ್ರಂಥಗಳಲ್ಲಿ ಈ ಸಂಬಂಧದ ಉಲ್ಲೇಖ ದೊರೆಯದೆ, ಶೇಕ್ಸ್‌ಪಿಯರ್ ತನ್ನ ನಾಟಕದಲ್ಲಿ ಚಿತ್ರಿಸಿದ ಮೂರನೆಯ ರಿಚರ್ಡ್ ದೊರೆಯ ಅಕಾಲಿಕ ಜನನ ಮತ್ತು ಅಂಗವಿಕೃತಿಯನ್ನು ಅವರು ನೆನಪಿಸಿದರು.

ಕೈಕಾಲುಗಳು ಬಿಗಿದ ಮಾತ್ರಕ್ಕೆ ಬುದ್ಧಿ ಮಂದವಾಗಿರಬೇಕೆಂದಿಲ್ಲ ಎಂಬುದನ್ನು ಲಿಟಲ್ ಗಮನಿಸಿದ್ದರು. ಅವರು ಕಂಡ ಮಕ್ಕಳಲ್ಲಿ ಬುದ್ಧಿಶಕ್ತಿಗೆ ಯಾವ ಕುಂದೂ ಇಲ್ಲದವರೂ ಇದ್ದರು. ಚಿಕಿತ್ಸೆ ಮತ್ತು ವ್ಯಾಯಾಮಗಳಿಂದ ಅನೇಕರ ಸ್ಥಿತಿ ಸುಧಾರಿಸಬಲ್ಲದು ಎಂದೂ ಅವರು ಹೇಳಿದರು. ಸಭೆಯಲ್ಲಿದ್ದ ಪ್ರಸೂತಿ ವೈದ್ಯರಲ್ಲಿ ಹಲವರು ಈ ಪ್ರಬಂಧವನ್ನು ಸುಲಭವಾಗಿ ಒಪ್ಪಲಿಲ್ಲ. ಉಸಿರುಗಟ್ಟಿ ಹುಟ್ಟಿಯೂ ಆರೋಗ್ಯವಂತರಾಗಿ ಬೆಳೆದ ಮಕ್ಕಳನ್ನು ಅವರು ಸಾಕಷ್ಟು ಕಂಡಿದ್ದರು. ಈ ಆಕ್ಷೇಪಣೆಯಲ್ಲಿಯೂ ಸತ್ಯಾಂಶವಿತ್ತೆಂಬುದು ಮುಂದಿನ ಶತಮಾನದಲ್ಲಿ ತಿಳಿದುಬಂತು.

ಕುಟುಂಬ ಮತ್ತು ಕೊನೆಯ ದಿನಗಳು

ಲಿಟಲ್‌ರ ಮಕ್ಕಳಲ್ಲಿ ಇಬ್ಬರು ತಂದೆಯ ವೃತ್ತಿಯನ್ನೇ ಹಿಡಿದರು. ಒಬ್ಬ ಮಗನಿಗೆ ಅವರು ತಮ್ಮ ಗುರುವಿನ ನೆನಪಿನಲ್ಲಿ ಲೂಯಿ ಸ್ಟ್ರೋಮೇಯರ್ ಎಂದು ಹೆಸರಿಟ್ಟರು. ಇನ್ನೊಬ್ಬ ಮಗ ಅರ್ನೆಸ್ಟ್ ಮ್ಯೂರ್‌ಹೆಡ್ ಲಿಟಲ್ ಅವರು 1918ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಆರ್ಥೋಪೆಡಿಕ್ ಸಂಘದ ಮೊದಲ ಅಧ್ಯಕ್ಷರಾದರು. ಮತ್ತೊಬ್ಬ ಮಗ ಆರ್ಚಿಬಾಲ್ಡ್ ಲಿಟಲ್ ಚೀನಾ ದೇಶದಲ್ಲಿ ವರ್ತಕರಾಗಿ, ಯಾಂಗ್‌ಟ್ಸಿ ನದಿಯ ಕಮರಿಗಳ ಮೂಲಕ ಉಗಿದೋಣಿ ನಡೆಸಿದ ಸಾಹಸಿಯಾಗಿ ಹೆಸರಾದರು. ಆರ್ಚಿಬಾಲ್ಡ್ ಅವರ ಪತ್ನಿ ಅಲಿಸಿಯಾ ಲಿಟಲ್ ಚೀನಾದಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಬಿಗಿದುಕಟ್ಟುವ ಪದ್ಧತಿಯ ವಿರುದ್ಧ ಹೋರಾಡಿದರು.

ಶ್ರವಣಶಕ್ತಿ ಕುಂದುತ್ತ ಬಂದ ಕಾರಣ ಲಿಟಲ್ 1884ರಲ್ಲಿ ವೃತ್ತಿಯಿಂದ ನಿವೃತ್ತರಾಗಿ ಕೆಂಟ್ ಪ್ರಾಂತ್ಯದ ವೆಸ್ಟ್ ಮಾಲಿಂಗ್ ಪರಿಸರದಲ್ಲಿ ನೆಲೆಸಿದರು. 1894ರ ಜುಲೈ 7ರಂದು ಅಲ್ಲಿ ನಿಧನರಾದರು. ಅದರ ಮರುವರ್ಷವೇ ರಾಂಟ್‌ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದರು. ಹೀಗೆ, ಜೀವಂತ ಶರೀರದ ಒಳಭಾಗವನ್ನು ಚಿತ್ರದಲ್ಲಿ ಕಾಣುವ ಅವಕಾಶ ಲಿಟಲ್‌ರಿಗೆ ದೊರೆಯಲಿಲ್ಲ. ಮೆದುಳಿನ ಹಾನಿಯ ಕುರಿತು ಅವರು ಹೇಳಿದ್ದೆಲ್ಲವೂ ಹೊರಗಿನ ಲಕ್ಷಣಗಳು, ಜನನದ ವೃತ್ತಾಂತ ಮತ್ತು ಶವಪರೀಕ್ಷೆಯ ವರದಿಗಳನ್ನು ಆಧರಿಸಿತ್ತು.

ಪ್ರಮುಖ ಕೃತಿಗಳು

- ಡೊಂಕುಪಾದ ಮತ್ತು ಸಂಬಂಧಿತ ವಿಕೃತಿಗಳ ಸ್ವರೂಪ (1839)
- ಮಾನವ ಶರೀರದ ವಿಕೃತಿಗಳ ಸ್ವರೂಪ ಮತ್ತು ಚಿಕಿತ್ಸೆ (1853)
- ಅಸಹಜ ಹೆರಿಗೆಯ ಪ್ರಭಾವವನ್ನು ಕುರಿತ ಪ್ರಬಂಧ (1861)
- ಬೆನ್ನೆಲುಬಿನ ದೌರ್ಬಲ್ಯ ಮತ್ತು ವಕ್ರತೆ (1868)

ಲಿಟಲ್ ನಂತರದ ಚರ್ಚೆ

1889ರಲ್ಲಿ ವಿಲಿಯಂ ಓಸ್ಲರ್ ಅವರು 151 ರೋಗಿಗಳ ವಿವರಗಳನ್ನೊಳಗೊಂಡ ಗ್ರಂಥವನ್ನು ಪ್ರಕಟಿಸಿದರು. ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಅದರಿಂದ ಬಳಕೆಗೆ ಬಂತು. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಆಗ ನರರೋಗ ವೈದ್ಯರಾಗಿದ್ದು, 1897ರಲ್ಲಿ ಈ ವಿಷಯದ ಮೇಲೆ ಬೃಹತ್ ಗ್ರಂಥವನ್ನು ಬರೆದರು. ಕಷ್ಟದ ಹೆರಿಗೆ ಎಲ್ಲ ಸಂದರ್ಭಗಳಲ್ಲೂ ಕಾರಣವಾಗಿರಲಾರದು, ಗರ್ಭದಲ್ಲಿಯೇ ಆರಂಭವಾದ ತೊಂದರೆಯ ಫಲವಾಗಿಯೂ ಹೆರಿಗೆ ಕಷ್ಟವಾಗಬಹುದು ಎಂಬ ಸಂದೇಹವನ್ನು ಅವರು ವ್ಯಕ್ತಪಡಿಸಿದರು. ಸುಮಾರು 90 ವರ್ಷಗಳ ನಂತರ, ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಅನುಸರಿಸಿದ ಬೃಹತ್ ಅಧ್ಯಯನದ ವಿಶ್ಲೇಷಣೆಯಲ್ಲಿ, ಹುಟ್ಟಿನ ಸಮಯದ ಉಸಿರುಗಟ್ಟುವಿಕೆ ಸೆರೆಬ್ರಲ್ ಪಾಲ್ಸಿಯ ಅಲ್ಪಭಾಗಕ್ಕೆ ಮಾತ್ರ ಕಾರಣವೆಂದು ಕಂಡುಬಂತು. ಅವಧಿಪೂರ್ವ ಜನನದ ಕುರಿತು ಲಿಟಲ್ ಹೇಳಿದ ಮಾತು ಇಂದಿಗೂ ಗಟ್ಟಿಯಾಗಿ ನಿಂತಿದೆ. ಎಲ್ಲ ಭಾರವನ್ನೂ ಹೆರಿಗೆಯ ಗಳಿಗೆಯ ಮೇಲೆಯೇ ಹೊರಿಸುವ ವಾದ ಮಾತ್ರ ನಿಲ್ಲಲಿಲ್ಲ. ಮಗುವಿನ ಸ್ಥಿತಿಗೆ ಹೆರಿಗೆ ಮಾಡಿಸಿದವರೇ ಹೊಣೆ ಎಂದೋ, ತಾಯಿಯ ತಪ್ಪೆಂದೋ ದೂರುವ ಪ್ರವೃತ್ತಿ ಇರುವುದರಿಂದ ಈ ವ್ಯತ್ಯಾಸಕ್ಕೆ ಮಹತ್ವವಿದೆ.

ಮೆದುಳಿನ ಚಿತ್ರಣ ಮತ್ತು ಮುನ್ಸೂಚನೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಿಶುವಿನ ಮೆದುಳನ್ನು ನೇರವಾಗಿ ನೋಡುವ ಸಾಧನಗಳು ಬಂದವು. 1978ರಲ್ಲಿ ಲೂ ಪಪೀಲ್ ಮತ್ತು ಸಹೋದ್ಯೋಗಿಗಳು ಸಿ.ಟಿ. ಚಿತ್ರಗಳನ್ನು ಬಳಸಿ, 1500 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳ ಮೆದುಳಿನಲ್ಲಾಗುವ ರಕ್ತಸ್ರಾವವನ್ನು 4 ದರ್ಜೆಗಳಾಗಿ ವಿಂಗಡಿಸಿದರು. ಶಿಶುವಿನ ನೆತ್ತಿಯ ಮೆದುಭಾಗದ ಮೂಲಕ ನಡೆಸುವ ಅಲ್ಟ್ರಾಸೌಂಡ್ ಪರೀಕ್ಷೆಯು, ಮಗುವನ್ನು ತೊಟ್ಟಿಲಿನಿಂದ ಕದಲಿಸದೆಯೇ ಇದನ್ನು ಕಾಣಲು ನೆರವಾಯಿತು. ಬಳಿಕ ಬಂದ ಎಂ.ಆರ್.ಐ. ಇನ್ನೂ ಸೂಕ್ಷ್ಮ ವಿವರಗಳನ್ನು ನೀಡಿತು.

ಲಿಟಲ್ ವರ್ಣಿಸಿದ ಮಕ್ಕಳಲ್ಲಿ ಕೈಗಳಿಗಿಂತ ಕಾಲುಗಳೇ ಏಕೆ ಹೆಚ್ಚು ಬಿಗಿಯುತ್ತವೆ ಎಂಬುದಕ್ಕೂ ಈಗ ವಿವರಣೆ ದೊರೆತಿದೆ. ಅವಧಿಪೂರ್ವ ಶಿಶುಗಳಲ್ಲಿ ಮೆದುಳಿನ ಕುಹರಗಳ ಸುತ್ತಲಿನ ಬಿಳಿ ದ್ರವ್ಯ ಸುಲಭವಾಗಿ ಹಾನಿಗೊಳ್ಳುತ್ತದೆ. ಕಾಲುಗಳಿಗೆ ಆಜ್ಞೆ ಒಯ್ಯುವ ನರತಂತುಗಳು ಕುಹರಗಳಿಗೆ ಅತ್ಯಂತ ಸಮೀಪದಲ್ಲಿ ಹಾದುಹೋಗುವುದರಿಂದ ಅವುಗಳಿಗೇ ಮೊದಲ ಪೆಟ್ಟು ಬೀಳುತ್ತದೆ. ಹಾನಿ ಇನ್ನಷ್ಟು ವ್ಯಾಪಿಸಿದರೆ ಕೈಗಳೂ ಬಾಧಿತವಾಗುತ್ತವೆ.

ಪೂರ್ಣಾವಧಿಯಲ್ಲಿ ಹುಟ್ಟಿ ಆಮ್ಲಜನಕದ ಕೊರತೆಗೆ ಒಳಗಾದ ಶಿಶುಗಳಲ್ಲಿ ಹಾನಿಯ ಸ್ಥಳ ಬೇರೆ. ಬೇಸಲ್ ಗ್ಯಾಂಗ್ಲಿಯಾ ಮತ್ತು ಥಲಾಮಸ್ ಎಂಬ ಆಳದ ಭಾಗಗಳಿಗೆ ತೀವ್ರ ಹಾನಿಯಾಗಿದ್ದರೆ ಚಲನೆಯ ತೊಂದರೆಯ ಸಂಭವ ಹೆಚ್ಚು. ಮುಖ್ಯ ರಕ್ತನಾಳಗಳ ಗಡಿಭಾಗದಲ್ಲಿ ಹಾನಿಯಾಗಿದ್ದರೆ ಕಲಿಕೆ ಮತ್ತು ಗ್ರಹಿಕೆಯ ತೊಂದರೆಗಳು ಮುಂದೆ ಕಾಣಿಸಿಕೊಳ್ಳಬಹುದು. ಚಲನೆಯ ನರತಂತುಗಳು ಒತ್ತಾಗಿ ಹಾದುಹೋಗುವ ಇಂಟರ್ನಲ್ ಕ್ಯಾಪ್ಸೂಲ್ ಎಂಬ ಭಾಗದ ಹಿಂಬದಿಯಲ್ಲಿ, ಪೂರ್ಣಾವಧಿಯ ಶಿಶುವಿನ ಎಂ.ಆರ್.ಐ. ಚಿತ್ರದಲ್ಲಿ ಸಹಜವಾಗಿ ಕಾಣಬೇಕಾದ ಮಯಲಿನ್ ಗುರುತು ಕಾಣದಿದ್ದರೆ ಅದು ಗಂಭೀರ ಸೂಚನೆ ಎಂದು ಮೇರಿ ರುದರ್‌ಫರ್ಡ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ತೋರಿಸಿದರು. ಅವಧಿಪೂರ್ವವಾಗಿ ಹುಟ್ಟಿದ 167 ಶಿಶುಗಳನ್ನು ಅನುಸರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೂರ್ಣಾವಧಿಗೆ ಸಮನಾದ ವಯಸ್ಸಿನಲ್ಲಿ ತೆಗೆದ ಎಂ.ಆರ್.ಐ. ಚಿತ್ರದ ಬಿಳಿ ದ್ರವ್ಯದ ದೋಷಗಳಿಗೂ 2 ವರ್ಷದ ವಯಸ್ಸಿನ ಬೆಳವಣಿಗೆಯ ಕುಂಠಿತಕ್ಕೂ ಸ್ಪಷ್ಟ ಸಂಬಂಧ ಕಂಡುಬಂತು.

ಚಿತ್ರ ತೆಗೆಯುವ ಕಾಲವೂ ಮುಖ್ಯ. ಮೊದಲ ಒಂದೆರಡು ದಿನಗಳಲ್ಲಿ ತೆಗೆದ ಚಿತ್ರದಲ್ಲಿ ಹಾನಿ ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು. ನೀರಿನ ಅಣುಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರಣದಲ್ಲಿ ಕಾಣುವ ಬದಲಾವಣೆಗಳು ಸುಮಾರು ಒಂದು ವಾರದ ನಂತರ ಸಹಜ ಸ್ಥಿತಿಗೆ ಮರಳಿದಂತೆ ತೋರಿ ನೋಡುವವರನ್ನು ದಾರಿತಪ್ಪಿಸಬಲ್ಲವು.

ಮುನ್ಸೂಚನೆಯ ಮಿತಿಗಳು

ಚಿತ್ರಣದ ಮುನ್ಸೂಚನೆ ಸಂಭವನೀಯತೆಯ ಮಾತೇ ಹೊರತು ಭವಿಷ್ಯವಾಣಿಯಲ್ಲ. ತೀವ್ರ ಹಾನಿ ಕಂಡಾಗ ಮತ್ತು ಚಿತ್ರ ಸಂಪೂರ್ಣ ಸಹಜವಾಗಿದ್ದಾಗ ಅದು ಹೆಚ್ಚು ವಿಶ್ವಾಸಾರ್ಹ. ಇವುಗಳ ನಡುವಿನ ಸ್ಥಿತಿಗಳಲ್ಲಿ ಒಂದೇ ಬಗೆಯ ಚಿತ್ರವಿರುವ ಇಬ್ಬರು ಮಕ್ಕಳು ಬೇರೆಬೇರೆ ರೀತಿಯಲ್ಲಿ ಬೆಳೆಯಬಹುದು. ಸಹಜವಾಗಿ ಕಂಡ ಮೆದುಳಿನ ಮಗುವಿಗೂ ಶಾಲಾವಯಸ್ಸಿನಲ್ಲಿ ಕಲಿಕೆಯ ತೊಡಕು ಎದುರಾಗಬಹುದು. ಆದ್ದರಿಂದ ವೈದ್ಯರು ಚಿತ್ರವೊಂದನ್ನೇ ನಂಬದೆ, ಶಿಶುವಿನ ನರಪರೀಕ್ಷೆ, ಮೆದುಳಿನ ವಿದ್ಯುತ್ ಅಲೆಗಳ ದಾಖಲೆ ಹಾಗೂ ಹೈಂಜ್ ಪ್ರೆಕ್ಟಲ್ ರೂಪಿಸಿದ ಸಹಜ ಚಲನೆಗಳ ವೀಕ್ಷಣಾ ವಿಧಾನಗಳನ್ನೂ ಜೊತೆಗೂಡಿಸಿ ನೋಡುತ್ತಾರೆ.

ಈ ನಿರ್ಣಯಗಳ ಪರಿಣಾಮ ಗುರುತರವಾದುದು. ತೀವ್ರ ನಿಗಾ ಘಟಕದಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ಮುಂದುವರಿಸಬೇಕೇ ಎಂಬ ಕಠಿಣ ಚರ್ಚೆಯಲ್ಲಿ ಚಿತ್ರದ ವರದಿಯೂ ಸೇರಿಕೊಳ್ಳುತ್ತದೆ. ತಂದೆತಾಯಿಗಳ ನಿರೀಕ್ಷೆಯನ್ನು ಅದು ರೂಪಿಸುತ್ತದೆ. ಇನ್ನೊಂದೆಡೆ, ಅಪಾಯವನ್ನು ಬೇಗ ಗುರುತಿಸಿದರೆ ಮೆದುಳು ವೇಗವಾಗಿ ಬೆಳೆಯುವ ಮೊದಲ ತಿಂಗಳುಗಳಲ್ಲಿಯೇ ಅಂಗಸಾಧನೆ ಮತ್ತು ಪೋಷಣೆಗಳನ್ನು ಆರಂಭಿಸಲು ಸಾಧ್ಯವಾಗುತ್ತದೆ.

ಒಂದು ನಾಡಿನಲ್ಲಿ ಫಲಕಾರಿಯಾದ ಚಿಕಿತ್ಸೆ ಎಲ್ಲೆಡೆ ಫಲಿಸುತ್ತದೆಂದೂ ಹೇಳಲಾಗದು. ಉಸಿರುಗಟ್ಟಿ ಹುಟ್ಟಿದ ಶಿಶುವಿನ ದೇಹದ ಉಷ್ಣತೆಯನ್ನು ಮೊದಲ 6 ಗಂಟೆಗಳೊಳಗೆ ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆಗಳ ಕಾಲ ಕಾಯ್ದುಕೊಳ್ಳುವ ಚಿಕಿತ್ಸೆ ಪಾಶ್ಚಾತ್ಯ ದೇಶಗಳಲ್ಲಿ ಉಪಯುಕ್ತವೆನಿಸಿದೆ. ಆದರೆ ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಂಡುಬರಲಿಲ್ಲ, ಸಾವಿನ ಪ್ರಮಾಣ ಹೆಚ್ಚಿತು.

ಪ್ರಭಾವ

ಲಿಟಲ್ ಬಳಸಿದ ಸ್ಪಾಸ್ಟಿಕ್ ಎಂಬ ಪದ ಮುಂದೆ ಹಲವು ದೇಶಗಳ ಸೇವಾಸಂಸ್ಥೆಗಳ ಹೆಸರಿನಲ್ಲಿ ಸೇರಿಕೊಂಡಿತು. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದಕ್ಕೆ ನಿದರ್ಶನ. ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಹಾಗೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಗಳು ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿ ಮಾನ್ಯ ಮಾಡಿವೆ.

ಕಾರಣಗಳ ಕುರಿತ ಲಿಟಲ್‌ರ ವಿವರಣೆ ಕಾಲಾಂತರದಲ್ಲಿ ತಿದ್ದುಪಡಿಗೊಂಡರೂ, ಆರಂಭದಲ್ಲಿ ಹಾನಿಗೊಂಡ ಮಗುವನ್ನು ವರ್ಷಾನುಗಟ್ಟಲೆ ಅನುಸರಿಸಿ ಅದರ ಬೆಳವಣಿಗೆಯನ್ನು ದಾಖಲಿಸುವ ಅವರ ಕ್ರಮ ಉಳಿದುಬಂದಿದೆ. ಇಂದಿನ ಎಂ.ಆರ್.ಐ. ಚಿತ್ರದ ಅರ್ಥವೂ ನಿಶ್ಚಯವಾಗುವುದು, ಆ ಮಗು ಮುಂದೆ ನಡೆಯಿತೇ, ಮಾತನಾಡಿತೇ, ಶಾಲೆಗೆ ಹೋಯಿತೇ ಎಂಬುದನ್ನು ತಾಳ್ಮೆಯಿಂದ ನೋಡಿ ಬರೆದಿಟ್ಟಾಗ ಮಾತ್ರ.